ಕೊನೆಯ ಸಾಲು

ಅರಸು ರಸ್ತೆಯ ಕನ್ನಡಕದಂಗಡಿಯಲ್ಲಿ
ದಿನಕ್ಕೆ ಮೂವತ್ತು ಜನರನ್ನು ಕುರ್ಚಿಗೆ ಕೂರಿಸಿ
ಒಂದು ಕಣ್ಣು ಮುಚ್ಚಿಸಿ ಕೇಳುವುದು ನನ್ನ ಕೆಲಸ:
ಓದಿ, ಮೇಲಿನ ಸಾಲು.
ಅದರ ಕೆಳಗಿನದು.
ಇನ್ನೂ ಕೆಳಗೆ?
ಕೊನೆಗೆ ಬಂದಾಗ ಎಲ್ಲರೂ ಕತ್ತು ಚಾಚುತ್ತಾರೆ,
ಸೋಲೊಪ್ಪದವರು ಊಹಿಸುತ್ತಾರೆ.
ಠ ಇರಬೇಕು. ರ ಇದ್ದರೂ ಇರಬಹುದು.

ನಾನೂ ಊಹಿಸಿದ್ದೆ.
ಇಪ್ಪತ್ಮೂರು ವಯಸ್ಸು, ದೋಷವಿಲ್ಲದ ಕಣ್ಣು,
ಪರ್ಸಿನಲ್ಲಿ ಮೂರು ಕಾರ್ಡು.
ನೀಲಿ, ಸಂಬಳದ ಬ್ಯಾಂಕು ತಾನಾಗಿ ಕಳಿಸಿದ್ದು.
ಕಪ್ಪು, ಮಾಲಿನ ಮೆಟ್ಟಿಲ ಬಳಿ ಟೈ ಕಟ್ಟಿದ ಹುಡುಗ
'ಟಾರ್ಗೆಟ್ಟಿಗೆ ಒಂದೇ ಒಂದು ಕಮ್ಮಿ ಮೇಡಂ' ಅಂದನೆಂದು.
ಗುಲಾಬಿ ಬಂದದ್ದು ಪುಕ್ಕಟೆ ಟ್ರಾಲಿ ಬ್ಯಾಗಿನ ಜೊತೆ.
ಬ್ಯಾಗಿನ ಚಕ್ರ ಮೂರೇ ತಿಂಗಳಿಗೆ ಉದುರಿತು,
ಕಾರ್ಡು ಉರುಳುತ್ತಲೇ ಇತ್ತು.

ಸಾಲ ಅನ್ನಿಸಲೇ ಇಲ್ಲ ಅದು.
ಸಾಲವೆಂದರೆ ಯಾರದೋ ಜಗಲಿಯಲ್ಲಿ ಕೂತು
ಕೊಟ್ಟ ಕಾಫಿ ಆರುವವರೆಗೂ ಮಾತು ಹೊರಡದಿರುವುದು.
ಇಲ್ಲಿ ಯಂತ್ರಕ್ಕೆ ತಾಕಿಸಿದರೆ ಟುಂಯ್.
ಅಗ್ರಹಾರದಲ್ಲಿ ದೋಸೆ, ಟುಂಯ್.
ನಿಖತ್ ಮದುವೆಗೆಂದು ರೇಷ್ಮೆ ಸೀರೆ,
ಸ್ಕೂಟರಿನ ಎರಡೂ ಟೈರು,
ಟುಂಯ್, ಟುಂಯ್.
ಬಿಲ್ಲಿನಲ್ಲಿ ಎರಡು ಅಂಕಿ:
ಇಪ್ಪತ್ತೊಂದು ಸಾವಿರದ ನಾನೂರು,
ಅದರ ಪಕ್ಕ, ಸಭ್ಯವಾಗಿ, ಸಾವಿರದ ಎಪ್ಪತ್ತು.
ಕನಿಷ್ಠ ಪಾವತಿ.
ಅಷ್ಟು ಕಟ್ಟಿ, ಕಟ್ಟಿದೆನೆಂದು ಮಲಗಿದೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ.
ನಿಖತ್‌ಳನ್ನು ಆಪಿನಲ್ಲಿ ಮನೆಯೊಡತಿ ಮಾಡಿ
ಗುಲಾಬಿಯಿಂದ ಅವಳಿಗೆ ಬಾಡಿಗೆ,
ಅವಳಿಂದ ನನಗೆ, ನನ್ನಿಂದ ಕಪ್ಪಿಗೆ.
ಪ್ರತಿ ಸುತ್ತಿಗೂ ಯಾರೋ ಒಂದು ಚಮಚ ತೆಗೆದುಕೊಂಡರು.

ಅಪ್ಪ ಕೆರಗೋಡು ಕಡೆಯ ನೀರುಗಂಟಿ.
ಪೊರೆ ತೋರಿಸಲು ಬಂದವರು
ನಂಜುಮಳಿಗೆಯ ನನ್ನ ರೂಮಿನಲ್ಲಿ
ಚಾಪೆಯ ಮೇಲೆ ಹರಡಿದ್ದ ಬಿಲ್ಲುಗಳ ನಡುವೆ
ಕಾಲಿಡಲು ಜಾಗ ಹುಡುಕುತ್ತಾ ಕೇಳಿದರು:
'ಯಾವ್ ತೂಬು ಯಾವತ್ತು ತೆಗೀತಾರವ್ವ?'
ಗೊತ್ತಿಲ್ಲ ಅಂದೆ.
'ನೀರಿನ್ ಸರದಿ ಗೊತ್ತಿಲ್ದೆ ನಾಟಿ ಹಾಕ್ಬುಟ್ಯಾ?'
ಬೈಯಲಿಲ್ಲ. ನಕ್ಕರು.
ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ಬಿಲ್ಲಿನ ಹಿಂಬದಿ ಓದಿದೆ,
ಅಂಗಡಿಯ ಭೂತಗನ್ನಡಿ ಹಿಡಿದು.
ತಿಂಗಳಿಗೆ ನೂರಕ್ಕೆ ಮೂರೂವರೆ.
ಬಾಕಿ ಉಳಿದರೆ, ನಾಳೆ ಕೊಂಡ ಬ್ರೆಡ್ಡಿಗೂ
ನಾಳೆಯಿಂದಲೇ ಬಡ್ಡಿ.
ಎಲ್ಲ ಅಲ್ಲೇ ಇತ್ತು,
ಕೊನೆಯ ಸಾಲಿಗಿಂತ ಸಣ್ಣ ಅಕ್ಷರದಲ್ಲಿ,
ಯಾರೂ ಬಚ್ಚಿಟ್ಟಿರಲಿಲ್ಲ.

'ಮೂರ್ನೂ ಮುರ್ದಾಕು' ಅಂದರು ಅಪ್ಪ ಬಸ್ಸು ಹತ್ತುವಾಗ.
ಮುರಿದರೆ ಸಾಯುವುದಿಲ್ಲ ಕಾರ್ಡು, ಅಪ್ಪ.
ಬಾಕಿ ತೀರಿಸಿ, ಫೋನು ಮಾಡಿ,
ಹನ್ನೆರಡು ನಿಮಿಷ ಕೊಳಲು ಕೇಳಿ,
'ಯಾಕೆ ಬೇಡ ಮೇಡಂ' ಅಂದದ್ದಕ್ಕೆ ಐದು ಸಲ ಬೇಡವೆಂದು
ಆಮೇಲೆ ಕತ್ತರಿ.
ಗುಲಾಬಿ ಹಾಗೆ ಹೋಯಿತು, ಹನ್ನೊಂದು ತಿಂಗಳಿಗೆ.
ಸೀರೆ ಉಟ್ಟದ್ದು ಒಂದೇ ಸಲ.
ನೀಲಿಯನ್ನು ಉಳಿಸಿದೆ, ಹಳೆಯದೆಂದು;
ಅದರ ತಾರೀಖನ್ನು ಸಂಬಳದ ಬೆನ್ನಿಗೆ ಹೊರಳಿಸಿದೆ.
ಕಪ್ಪು ಟ್ರಂಕಿನಲ್ಲಿದೆ, ಪೆಟ್ರೋಲಿಗಷ್ಟೇ.
ಸುಳ್ಳೇಕೆ, ದಸರೆಗೆ ಒಂದು ಜೊತೆ ಚಪ್ಪಲಿಗೂ.

ಇವತ್ತು ಸಂಜೆ ಒಬ್ಬ ಹುಡುಗ.
ಎಂಟು ಸಾವಿರದ ಫ್ರೇಮು ಮೂಗಿಗೇರಿಸಿ
ಕನ್ನಡಿಗೆ ಎಡಗೆನ್ನೆ, ಬಲಗೆನ್ನೆ ತೋರಿಸಿ
ಇಸ್ಪೀಟಿನಂತೆ ನಾಲ್ಕು ಕಾರ್ಡು ಹರವಿದ:
'ಯಾವುದರಲ್ಲಿ ಹೋಗುತ್ತೋ ನೋಡಿ.'
ಬಿಲ್ಲಿನ ತಾರೀಖು ಯಾವುದು ಎಂದು
ಗಂಟಲವರೆಗೆ ಬಂತು.
ಮಾಲೀಕರು ಗಲ್ಲಾದಿಂದ ನೋಡುತ್ತಿದ್ದರು.
ಎರಡು ಹೋಗಲಿಲ್ಲ. ಮೂರನೆಯದು ಟುಂಯ್.

ಡಬ್ಬಿಗೆ ಹಾಕುವ ಮುನ್ನ ಅಂದೆ:
ಹೊಸ ಗಾಜಲ್ಲವಾ, ಒಂದು ಸಲ ಪರೀಕ್ಷಿಸಿ.
ರಸೀದಿಯನ್ನೇ ಕೊಟ್ಟೆ.
ಕೆಳಗಿನಿಂದ ಓದಿ.